ಅದೇ ಮದ್ದು, ಬೇರೆ ಹರಳು: ಪೇಟೆಂಟ್ ಯಾವುದಕ್ಕೆ?

ನಮ್ಮ ಮನೆಯಲ್ಲಿ ಬೆಣ್ಣೆ ಕಾಯಿಸಿದ ದಿನ ತುಪ್ಪವನ್ನು ಎರಡು ಪಾತ್ರೆಗಳಿಗೆ ಸೋಸುವುದು ವಾಡಿಕೆ. ದೊಡ್ಡದು ಸ್ಟೀಲಿನ ಡಬ್ಬಿ. ಒಲೆಯ ಪಕ್ಕದ ಕಟ್ಟೆಯ ಮೇಲೆ ಮುಚ್ಚಳ ವಾರೆ ಮಾಡಿ ಇಟ್ಟರೆ ರಾತ್ರಿಯಿಡೀ ತಾನಾಗಿ ಆರುತ್ತದೆ. ಮಿಕ್ಕಿದ್ದನ್ನು ಗಾಜಿನ ಬಾಟಲಿಗೆ ಸುರಿದು, ಇನ್ನೂ ಬೆಚ್ಚಗಿರುವಾಗಲೇ ಫ್ರಿಜ್ಜಿನೊಳಗೆ ಇಡುತ್ತೇವೆ. ಬೆಳಿಗ್ಗೆ ನೋಡಿದರೆ ಡಬ್ಬಿಯಲ್ಲಿ ಮರಳು ಮರಳಾದ ತುಪ್ಪ. ಬಾಟಲಿಯಲ್ಲಿ ಮೇಣದಂತೆ ನುಣ್ಣಗೆ ಗಟ್ಟಿಯಾದ ತುಪ್ಪ. ಬೆಣ್ಣೆ ಒಂದೇ, ಕಾಯಿಸಿದ ಕೈ ಒಂದೇ, ಇಳಿಸುವಾಗ ಹಾಕಿದ ವೀಳ್ಯದೆಲೆಯೂ ಒಂದೇ. ಆರಿದ ಬಗೆ ಮಾತ್ರ ಬೇರೆ.

ಇಲ್ಲಿ ಎರಡು ಸಂಗತಿಗಳು ಬೆರೆತಿವೆ. ಅವನ್ನು ಬಿಡಿಸಿಕೊಳ್ಳದಿದ್ದರೆ ಮುಂದಿನದ್ದು ತಿಳಿಯುವುದಿಲ್ಲ. ಹರಳು ದೊಡ್ಡದೋ ಚಿಕ್ಕದೋ ಎಂಬುದು ಒಂದು. ಹರಳಿನೊಳಗೆ ಅಣುಗಳು ಯಾವ ಜೋಡಣೆಯಲ್ಲಿ ಕುಳಿತಿವೆ ಎಂಬುದು ಇನ್ನೊಂದು. ನಿಧಾನವಾಗಿ ಆರಿದಾಗ, ಬೇಗ ಗಟ್ಟಿಯಾಗುವ ಕೊಬ್ಬಿಗೆ ಬೇರೆಯಾಗಿ ಕಾಳುಗಟ್ಟಲು ಸಮಯ ಸಿಗುತ್ತದೆ. ಮರಳು ಬರುವುದು ಮುಖ್ಯವಾಗಿ ಅದರಿಂದ. ಅದರ ಜೊತೆಯಲ್ಲೇ ಕಣ್ಣಿಗೆ ಕಾಣದ ಇನ್ನೊಂದು ಆಯ್ಕೆಯೂ ನಡೆದಿರುತ್ತದೆ. ಕೊಬ್ಬಿನ ಅಣುಗಳು ಆಲ್ಫಾ, ಬೀಟಾ ಪ್ರೈಮ್, ಬೀಟಾ ಎಂದು ಹೆಸರಾದ ಮೂರು ಮುಖ್ಯ ಜೋಡಣೆಗಳಲ್ಲಿ ಹರಳಾಗಬಲ್ಲವು. ಥಟ್ಟನೆ ತಣಿಸಿದರೆ ಮೊದಲು ಬರುವುದು ಸಡಿಲವಾದ ಆಲ್ಫಾ. ಸಾವಕಾಶ ಕೊಟ್ಟರೆ ಬಿಗಿಯಾದ ಉಳಿದೆರಡು. ಒಂದೇ ವಸ್ತು ಹೀಗೆ ಒಂದಕ್ಕಿಂತ ಹೆಚ್ಚು ಒಳಜೋಡಣೆಗಳಲ್ಲಿ ಹರಳಾಗುವುದನ್ನು ವಿಜ್ಞಾನಿಗಳು ಬಹುರೂಪತೆ ಎನ್ನುತ್ತಾರೆ.

ಅಡುಗೆಮನೆಯಲ್ಲಿ ಇದು ರುಚಿಯ ವಿಷಯ. ಔಷಧದಲ್ಲಿ ಗುಣವಾಗುವ ಆಗದಿರುವ ವಿಷಯ. ಕೋರ್ಟಿನಲ್ಲಿ ಕೋಟಿಗಟ್ಟಲೆ ರೂಪಾಯಿಯ ವಿಷಯ. ಭಾರತದ ಪೇಟೆಂಟ್ ಕಾಯ್ದೆಯಲ್ಲಿ ಹರಳಿನ ರೂಪವನ್ನು ಹೆಸರಿಸಿಯೇ ಬರೆದ ಒಂದು ಸಾಲಿದೆ. ಅದನ್ನು ಸಡಿಲಿಸಬೇಕು ಎಂಬ ಒತ್ತಾಯ ವಿದೇಶಿ ಔಷಧ ಉದ್ಯಮದಿಂದ ವರ್ಷಗಳಿಂದ ಬರುತ್ತಲೇ ಇದೆ. ಆ ಸಾಲು ಸರಿಯೋ ತಪ್ಪೋ ಎಂದು ಹೇಳಲು ವಕೀಲರ ವಾದವಷ್ಟೇ ಸಾಲದು. ಹರಳು ಹುಟ್ಟುವ ಬಗೆಯನ್ನೂ ನೋಡಬೇಕು.

ಅಣುಗಳು ದ್ರಾವಣದಲ್ಲಿ ತೇಲುತ್ತಿರುತ್ತವೆ. ದ್ರಾವಣ ತಣಿದಾಗ ಅಥವಾ ಆವಿಯಾಗಿ ದಟ್ಟವಾದಾಗ ಕೆಲವು ಅಣುಗಳು ಒಟ್ಟುಗೂಡಿ ಒಂದು ಬೀಜವಾಗುತ್ತದೆ. ಆ ಬೀಜದ ಜೋಡಣೆಯನ್ನೇ ಅನುಸರಿಸಿ ಉಳಿದವು ಬಂದು ಕೂರುತ್ತವೆ. ಕೂರುವ ಬಗೆ ಹಲವು. ಅವುಗಳಲ್ಲಿ ಒಂದು ಎಲ್ಲಕ್ಕಿಂತ ಕಡಿಮೆ ಶಕ್ತಿಯದ್ದು, ಅಂದರೆ ಅತ್ಯಂತ ಸ್ಥಿರ. ಹಾಗಾದರೆ ಯಾವಾಗಲೂ ಅದೇ ಏಕೆ ಬರುವುದಿಲ್ಲ? ಓಡಿಬಂದು ಬಸ್ ಹತ್ತಿದವರು ಒಳ್ಳೆಯ ಸೀಟು ಹುಡುಕುತ್ತಾ ನಿಲ್ಲುವುದಿಲ್ಲ, ಕೈಗೆ ಸಿಕ್ಕ ಸೀಟಿನಲ್ಲಿ ಕೂರುತ್ತಾರೆ. ಬಸ್ ಹೊರಟ ಮೇಲೆ ಒಬ್ಬೊಬ್ಬರಾಗಿ ಎದ್ದು ಕಿಟಕಿಯ ಪಕ್ಕಕ್ಕೆ ಸರಿಯುತ್ತಾರೆ. ಅಣುಗಳೂ ಬಹಳ ಸಲ ಹೀಗೆಯೇ: ಮೊದಲು ಸುಲಭವಾಗಿ ಹುಟ್ಟುವ, ಅಷ್ಟೇನೂ ಸ್ಥಿರವಲ್ಲದ ರೂಪ; ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಸ್ಥಿರ ರೂಪ. ಜರ್ಮನ್ ರಸಾಯನಶಾಸ್ತ್ರಜ್ಞ ವಿಲ್ಹೆಲ್ಮ್ ಓಸ್ಟ್ವಾಲ್ಡ್ 1897ರಲ್ಲಿ ಇದನ್ನು ಒಂದು ನಿಯಮವಾಗಿ ಹೇಳಿದರು. ಎಲ್ಲ ವಸ್ತುವೂ ಪಾಲಿಸುವ ನಿಯಮವಲ್ಲ, ಆದರೆ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವವರಿಗೆ ಪದೇ ಪದೇ ಎದುರಾಗುವಂಥದ್ದು.

ಓಸ್ಟ್ವಾಲ್ಡ್‌ಗಿಂತ ಮೊದಲೇ, 1832ರಲ್ಲಿ, ವೋಲರ್ ಮತ್ತು ಲೀಬಿಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞರು ಇದನ್ನು ಕಣ್ಣಾರೆ ಕಂಡಿದ್ದರು. ಬೆಂಜಮೈಡ್ ಎಂಬ ವಸ್ತುವಿನ ಕುದಿಯುವ ದ್ರಾವಣವನ್ನು ತಣಿಸಿದಾಗ ರೇಷ್ಮೆಯಂಥ ಸೂಜಿಗಳ ಮುದ್ದೆ ಕಟ್ಟಿತು. ಹಾಗೇ ಬಿಟ್ಟರೆ ಒಂದೆರಡು ದಿನದಲ್ಲಿ, ಕೆಲವೊಮ್ಮೆ ಕೆಲವೇ ಗಂಟೆಗಳಲ್ಲಿ, ಮುದ್ದೆಯೊಳಗೆ ಅಲ್ಲಲ್ಲಿ ಪೊಳ್ಳು ಬಿದ್ದು, ಪೊಳ್ಳಿನ ನಡುವೆ ಬೇರೆ ಆಕಾರದ ಗಟ್ಟಿ ಹರಳು ಕುಳಿತಿರುತ್ತಿತ್ತು. ಕ್ರಮೇಣ ಮುದ್ದೆಯೆಲ್ಲ ಆ ಹರಳೇ ಆಗುತ್ತಿತ್ತು. ಸುತ್ತಲಿನ ಸೂಜಿಗಳನ್ನು ಕರಗಿಸಿಕೊಂಡು ಬೆಳೆದ ಹರಳು ಅದು. ಆ ಸೂಜಿಗಳ ಒಳರಚನೆ ಖಚಿತವಾಗಿ ತಿಳಿದದ್ದು ನಮ್ಮ ಈ ಶತಮಾನದಲ್ಲಿ.

ಯಾವ ರೂಪ ಬರುತ್ತದೆ ಎಂಬುದು ತಣಿಸುವ ವೇಗ, ದ್ರಾವಕ, ಒತ್ತಡ, ಕಲಕುವ ರೀತಿ, ಪಾತ್ರೆಯ ಒಳಮೈ, ಒಂದಿಷ್ಟು ಕಲ್ಮಶ ಇವೆಲ್ಲದರ ಮೇಲೆ ನಿಂತಿದೆ. ಎಲ್ಲಕ್ಕಿಂತ ಬಲವಾದದ್ದು ಬೀಜ. ಹಾಲಿಗೆ ಹೆಪ್ಪು ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಪ್ಪಿನಲ್ಲಿರುವುದು ಜೀವಾಣು, ಇಲ್ಲಿರುವುದು ನಿರ್ಜೀವ ಜೋಡಣೆ. ಆದರೂ ಒಂದು ಕಣ ಬಿದ್ದರೆ ಪಾತ್ರೆಯಲ್ಲಿದ್ದದ್ದೆಲ್ಲ ಅದರ ದಾರಿ ಹಿಡಿಯುವುದು ಎರಡಕ್ಕೂ ಸಮಾನ.

ಚಾಕೊಲೇಟ್ ತಯಾರಕರು ಈ ಹೆಪ್ಪನ್ನು ಬೇಕೆಂದೇ ಹಾಕುತ್ತಾರೆ. ಕೋಕೋ ಬೆಣ್ಣೆಗೆ ಆರು ರೂಪಗಳಿವೆ ಎಂದು 1966ರಲ್ಲಿ ಗುರುತಿಸಲಾಯಿತು. ಅವುಗಳಲ್ಲಿ ಐದನೆಯದು ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ: ಕೈಯಲ್ಲಿ ಗಟ್ಟಿ, ಬಾಯಲ್ಲಿ ನೀರು. ಮುರಿದರೆ ಟಪ್ಪೆನ್ನುವುದು, ಮೈ ಹೊಳೆಯುವುದು ಈ ರೂಪದಿಂದಲೇ. ಕರಗಿದ ಚಾಕೊಲೇಟನ್ನು ಸುಮಾರು 27 ಡಿಗ್ರಿಗೆ ಇಳಿಸಿ, ಮತ್ತೆ 31ರ ಆಸುಪಾಸಿಗೆ ಏರಿಸಿದರೆ ಬೇಡದ ರೂಪಗಳು ಕರಗಿಹೋಗಿ ಐದನೆಯದರ ಬೀಜಗಳು ಮಾತ್ರ ಉಳಿಯುತ್ತವೆ. 1986ರಿಂದ ಪುತ್ತೂರಿನಲ್ಲಿ ನಡೆಯುತ್ತಿರುವ ಕ್ಯಾಂಪ್ಕೋ ಕಾರ್ಖಾನೆಯಿರಲಿ, ಬೆಲ್ಜಿಯಮ್ಮಿನ ಪುಟ್ಟ ಅಂಗಡಿಯಿರಲಿ, ಒಳ್ಳೆಯ ಚಾಕೊಲೇಟ್ ಮಾಡಲು ಈ ಏರಿಳಿತ ತಪ್ಪಿದ್ದಲ್ಲ. ಬೇಸಿಗೆಯ ಕಾರಿನಲ್ಲಿ ಬಿಟ್ಟ ಚಾಕೊಲೇಟ್ ಕರಗಿ, ಮತ್ತೆ ಗಟ್ಟಿಯಾದಾಗ ಮೈಮೇಲೆ ಬೂದಿ ಬಳಿದಂತೆ ಬೆಳ್ಳಗಾಗುವುದನ್ನು ಎಲ್ಲರೂ ನೋಡಿದ್ದೇವೆ. ಅದು ಬೂಷ್ಟಲ್ಲ. ಹಿಡಿತ ತಪ್ಪಿ ಬೇರೆ ಜೋಡಣೆಗೆ ಹೋದ ಕೊಬ್ಬು.

ಚಾಕೊಲೇಟ್ ಬೆಳ್ಳಗಾದರೆ ನಷ್ಟ ದೊಡ್ಡದಲ್ಲ. ಔಷಧದ ಮಾತು ಬೇರೆ. ಮಾತ್ರೆಯೊಳಗಿನ ಮದ್ದು ಹೊಟ್ಟೆಯಲ್ಲಿ ಕರಗಬೇಕು. ಕರಗದಿದ್ದರೆ ರಕ್ತಕ್ಕೆ ಸೇರುವುದಿಲ್ಲ. ಅಣುಗಳು ಬಿಗಿಯಾಗಿ ಕೂತಷ್ಟೂ ಕರಗುವುದು ಕಷ್ಟ. ಅಂದರೆ ಹರಳಾಗಿ ಅತ್ಯಂತ ಸ್ಥಿರವಾದದ್ದು ಮದ್ದಾಗಿ ಅತ್ಯಂತ ದುರ್ಬಲವಾಗಿರಬಹುದು. ಇದು ಬರಿಯ ಊಹೆಯಲ್ಲ. ವಿಷಮಶೀತ ಜ್ವರಕ್ಕೆ ಮಕ್ಕಳಿಗೆ ಕೊಡುತ್ತಿದ್ದ ಕ್ಲೋರಾಂಫೆನಿಕಾಲ್ ಪಾಲ್ಮಿಟೇಟ್ ಸಿರಪ್ಪಿನಲ್ಲಿ ಬಿ ರೂಪದ ಹರಳಿದ್ದರೆ ಮದ್ದು ರಕ್ತಕ್ಕೆ ಸೇರುತ್ತದೆ. ಹೆಚ್ಚು ಸ್ಥಿರವಾದ ಎ ರೂಪವಿದ್ದರೆ ತೀರಾ ಕಡಿಮೆ. ಬಾಟಲಿಯ ಮೇಲಿನ ಹೆಸರು, ಪ್ರಮಾಣ ಎರಡೂ ಸರಿ. ಆದರೂ ಮಗುವಿನ ಜ್ವರ ಇಳಿಯುವುದಿಲ್ಲ. ಎ ರೂಪ ಶೇಕಡಾ 10ನ್ನು ಮೀರಬಾರದು ಎಂದು ಔಷಧ ಸಂಹಿತೆಗಳು, ಅಂದರೆ ಮದ್ದುಗಳ ಗುಣಮಟ್ಟ ಗೊತ್ತುಪಡಿಸುವ ಅಧಿಕೃತ ಗ್ರಂಥಗಳು, ಮಿತಿ ಹಾಕಿದ್ದು ಇದಕ್ಕಾಗಿಯೇ.

ಇನ್ನು ರಿಟೋನಾವಿರ್. ಈ ಕ್ಷೇತ್ರದವರು ಇಂದಿಗೂ ಮರೆಯದ ಪ್ರಕರಣ ಇದು.

ಎಚ್‌ಐವಿ ವಿರುದ್ಧದ ಈ ಮದ್ದಿಗೆ ಅಮೆರಿಕದಲ್ಲಿ 1996ರ ಮಾರ್ಚ್‌ನಲ್ಲಿ ಅನುಮತಿ ಸಿಕ್ಕಿತು. ಅಬಾಟ್ ಕಂಪನಿ ಅದನ್ನು ನಾರ್ವಿರ್ ಎಂಬ ಹೆಸರಿನಲ್ಲಿ ಮಾರಿತು. ಮದ್ದು ಪುಡಿಯಾಗಿ ಕೊಟ್ಟರೆ ದೇಹಕ್ಕೆ ಸರಿಯಾಗಿ ಸೇರುತ್ತಿರಲಿಲ್ಲ. ಆದ್ದರಿಂದ ಆಲ್ಕೋಹಾಲ್ ಮತ್ತು ನೀರಿನಲ್ಲಿ ಕರಗಿಸಿ ಕ್ಯಾಪ್ಸೂಲಿಗೆ ತುಂಬುತ್ತಿದ್ದರು. ಆಗ ತಿಳಿದಿದ್ದ ಹರಳಿನ ರೂಪ ಒಂದೇ. ಇನ್ನೂರಕ್ಕೂ ಹೆಚ್ಚು ಬ್ಯಾಚ್‌ಗಳು ಯಾವ ತಂಟೆಯೂ ಇಲ್ಲದೆ ಹೊರಬಂದವು. 1998ರಲ್ಲಿ ಒಂದು ಬ್ಯಾಚಿನ ಕ್ಯಾಪ್ಸೂಲುಗಳು ಕರಗುವಿಕೆಯ ಪರೀಕ್ಷೆಯಲ್ಲಿ ನಪಾಸಾದವು. ಒಡೆದು ನೋಡಿದರೆ ಒಳಗೆ ಯಾರೂ ಕಂಡಿರದ ಹರಳು. ಅಣು ಅದೇ. ಆದರೆ ಅದರ ಮೈ ಒಂದು ಕಡೆ ಬೇರೆ ರೀತಿಯಲ್ಲಿ ತಿರುಚಿಕೊಂಡು ಹೊಸ ಜೋಡಣೆಯಲ್ಲಿ ಕುಳಿತಿತ್ತು. ಕ್ಯಾಪ್ಸೂಲಿನಲ್ಲಿದ್ದ ದ್ರಾವಣ ಮೊದಲ ರೂಪದ ಲೆಕ್ಕಕ್ಕೆ ತೆಳುವಾಗಿಯೇ ಇತ್ತು; ಎರಡನೆಯ ರೂಪ ಅದರ ಸುಮಾರು ಕಾಲು ಭಾಗದಷ್ಟು ಮಾತ್ರ ಕರಗುವಂಥದ್ದಾದ್ದರಿಂದ, ಅದರ ಲೆಕ್ಕಕ್ಕೆ ಹಿಡಿಸಲಾರದಷ್ಟು ದಟ್ಟ. ಒಂದು ಬೀಜ ಬಿದ್ದರೆ ಸಾಕು, ಉಳಿದದ್ದೆಲ್ಲ ಹರಳಾಗಿ ತಳಕ್ಕಿಳಿಯುತ್ತಿತ್ತು.

ಕೆಲವೇ ವಾರಗಳಲ್ಲಿ ಹೊಸ ರೂಪ ಉತ್ಪಾದನೆಯ ಉದ್ದಕ್ಕೂ ಕಾಣಿಸಿಕೊಂಡಿತು. ಮೂಲ ಪುಡಿ ತಯಾರಾಗುತ್ತಿದ್ದ ಇಟಲಿಯ ಘಟಕದಲ್ಲಿ ಅದು ಇರಲಿಲ್ಲ. ಹೊಸ ಹರಳಿನೊಂದಿಗೆ ಕೆಲಸ ಮಾಡಿದ್ದ ವಿಜ್ಞಾನಿಗಳು ಅಲ್ಲಿಗೆ ಹೋಗಿ ಬಂದ ಮೇಲೆ ಅಲ್ಲೂ ಕಂಡಿತು. ಬಟ್ಟೆಗೆ ಅಂಟಿದ ಧೂಳಿನಲ್ಲಿ, ಕಣ್ಣಿಗೆ ಕಾಣದ ಕಣದಲ್ಲಿ ಹೆಪ್ಪು ಹೋಗಬಲ್ಲದು. ಹಿಂದೆ ಸಲೀಸಾಗಿ ಮಾಡುತ್ತಿದ್ದ ಮೊದಲ ರೂಪವನ್ನು ಶುದ್ಧವಾಗಿ ಪಡೆಯುವುದೇ ದುಸ್ತರವಾಯಿತು. ಹರಳು ವಿಜ್ಞಾನಿಗಳು ಇಂಥದ್ದನ್ನು ಕಣ್ಮರೆಯಾಗುವ ರೂಪ ಎನ್ನುತ್ತಾರೆ. ಡುನಿಟ್ಜ್ ಮತ್ತು ಬರ್ನ್‌ಸ್ಟೀನ್ 1995ರಲ್ಲಿ, ಅಂದರೆ ಈ ಘಟನೆಗೆ ಮೂರು ವರ್ಷ ಮೊದಲೇ, ಇಂಥ ಪ್ರಕರಣಗಳನ್ನು ಕಲೆಹಾಕಿ ಎಚ್ಚರಿಸಿದ್ದರು.

ಕ್ಯಾಪ್ಸೂಲ್ ಮಾರುಕಟ್ಟೆಯಿಂದ ಹೋಯಿತು. ಜೀವ ಹಿಡಿದಿಟ್ಟುಕೊಳ್ಳಲು ಅದನ್ನೇ ನಂಬಿದ್ದ ರೋಗಿಗಳು ಬಾಯಿಗಿಡಲಾಗದಷ್ಟು ಕೆಟ್ಟ ರುಚಿಯ ದ್ರವ ಮದ್ದಿಗೆ ಮರಳಬೇಕಾಯಿತು. 1999ರಲ್ಲಿ ಬಂದ ಹೊಸ ಮೆದು ಕ್ಯಾಪ್ಸೂಲನ್ನು ಶೀತಕದಲ್ಲಿಡಬೇಕಿತ್ತು. ಕರೆಂಟ್ ನಿಲ್ಲದ ಊರಿನವರಿಗೆ ಇದು ಸಣ್ಣ ಷರತ್ತು. ಎಚ್‌ಐವಿ ಹೆಚ್ಚು ಹರಡಿದ್ದ ಬಿಸಿಲ ನಾಡುಗಳಿಗೆ ಎಷ್ಟು ಭಾರ ಎಂದು ಯೋಚಿಸಿ. ಶೀತಕ ಬೇಡದ ಮಾತ್ರೆ ಬಂದದ್ದು 2010ರಲ್ಲಿ. ಕೋವಿಡ್ ಕಾಲದ ಪ್ಯಾಕ್ಸ್‌ಲೋವಿಡ್‌ನಲ್ಲಿ ಜೊತೆಮದ್ದಾಗಿ ಸೇರಿದ್ದೂ ಇದೇ ರಿಟೋನಾವಿರ್. ಇದೊಂದೇ ಅಲ್ಲ: ಪಾರ್ಕಿನ್ಸನ್ ರೋಗಕ್ಕೆ ಚರ್ಮಕ್ಕೆ ಅಂಟಿಸುವ ರೋಟಿಗೋಟಿನ್ ಪಟ್ಟಿಯ ಮೇಲೆ ಹಿಮದ ಹರಳಿನಂಥ ಚಿತ್ತಾರ ಮೂಡಿ, 2008ರಲ್ಲಿ ಅದನ್ನೂ ಹಿಂದಕ್ಕೆ ತರಿಸಿಕೊಳ್ಳಬೇಕಾಯಿತು.

ನಮ್ಮ ಮನೆಗಳಿಗೆ ಇನ್ನೂ ಹತ್ತಿರದ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪೈನ್ ಮಾತ್ರೆ ತೇವ ಹೀರಿದರೆ ಒಳಗಿನ ಹರಳು ನೀರಿನ ಅಣುಗಳನ್ನು ಸೇರಿಸಿಕೊಂಡು ಬೇರೆ ಜೋಡಣೆಗೆ ಹೋಗುತ್ತದೆ. ಮಾತ್ರೆ ಗಟ್ಟಿಯಾಗಿ ಸರಿಯಾಗಿ ಕರಗುವುದಿಲ್ಲ. ಮದ್ದಿನ ಪರಿಣಾಮ ಮೂರರಲ್ಲಿ ಒಂದು ಭಾಗದಷ್ಟು ಕುಗ್ಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಕರು 1990ರಲ್ಲೇ ಎಚ್ಚರಿಸಿದ್ದರು. ನೀರಿನ ಅಣು ಒಳಗೆ ಸೇರುವುದರಿಂದ ಇದು ಶುದ್ಧ ಬಹುರೂಪತೆಯಲ್ಲ, ಅದರ ದಾಯಾದಿ. ಕರಾವಳಿಯ ಮಳೆಗಾಲದಲ್ಲಿ ಉಪ್ಪಿನ ಮರಿಗೆಯೇ ನೀರೊಡೆಯುತ್ತದೆ. ಅಲ್ಲಿ ನಮ್ಮ ಅತ್ತೆಯೊಬ್ಬರು ವಾರಕ್ಕಾಗುವ ಮಾತ್ರೆಗಳನ್ನೆಲ್ಲ ಪಟ್ಟಿಯಿಂದ ಬಿಡಿಸಿ, ಕುಂಕುಮದ ಹಳೆಯ ಡಬ್ಬಿಯಲ್ಲಿ ತುಂಬಿ ಬಚ್ಚಲಿನ ಗೂಡಿನಲ್ಲಿ ಇಡುತ್ತಿದ್ದರು. ಮರೆಯದಿರಲಿ ಎಂದು ಮಾಡಿಕೊಂಡ ಅಚ್ಚುಕಟ್ಟು ಅದು. ಅಂಥ ಡಬ್ಬಿ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಇವತ್ತೇ ಬದಲಿಸಿ. ಪಟ್ಟಿಯಿಂದ ಒಂದೊಂದೇ ಬಿಡಿಸಿಕೊಳ್ಳಿ, ಒಣ ಜಾಗದಲ್ಲಿಡಿ.

ಈಗ ಕಾಯ್ದೆಗೆ ಬರೋಣ. ಹರಳಿನ ರೂಪ ಇಷ್ಟು ಮುಖ್ಯವಾದರೆ, ಹೊಸ ರೂಪ ಕಂಡುಕೊಂಡವರಿಗೆ ಪೇಟೆಂಟ್ ಕೊಡುವುದು ನ್ಯಾಯವಲ್ಲವೇ? ಕಂಪನಿಗಳ ವಾದ ಇದೇ. ಹರಳಿಗೂ ಪೇಟೆಂಟ್ ಪಡೆಯುವ ರುಚಿ ಅವರಿಗೆ ಹತ್ತಿದ್ದು ಹೊಟ್ಟೆಹುಣ್ಣಿನ ಮದ್ದು ರಾನಿಟಿಡಿನ್‌ನಿಂದ. ಗ್ಲ್ಯಾಕ್ಸೋ ಮೊದಲು ಅಣುವಿಗೆ ಪೇಟೆಂಟ್ ಪಡೆಯಿತು, ಆಮೇಲೆ ಅದರ ಎರಡನೆಯ ಹರಳಿಗೆ ಇನ್ನೊಂದು. ಅಮೆರಿಕದಲ್ಲಿ ಮೊದಲನೆಯದು 1997ರಲ್ಲಿ ಮುಗಿದರೆ ಎರಡನೆಯದು 2002ರವರೆಗೆ ಜೀವಂತ. ಹಳೆಯ ಪೇಟೆಂಟಿನಲ್ಲಿ ಬರೆದ ವಿಧಾನವನ್ನೇ ಅನುಸರಿಸಿದರೂ ಎರಡನೆಯ ರೂಪವೇ ಬರುತ್ತದೆ, ಹಾಗಾದರೆ ಹೊಸದೇನು ಎಂದು, ಅದೇ ಮದ್ದನ್ನು ತಾನೂ ಮಾಡಿ ಮಾರಲು ಹೊರಟಿದ್ದ ನೊವೊಫಾರ್ಮ್ ಕಂಪನಿ ವಾದಿಸಿತು. 1995ರಲ್ಲಿ ಕೋರ್ಟ್ ಅದನ್ನು ಒಪ್ಪಲಿಲ್ಲ. ಹೆಪ್ಪಿನ ಕಥೆ ತಿಳಿದವರಿಗೆ ಆ ಜಗಳದ ಕಗ್ಗಂಟು ಅರ್ಥವಾದೀತು: ಎರಡನೆಯ ರೂಪ ಒಮ್ಮೆ ಜಗತ್ತಿಗೆ ಬಂದ ಮೇಲೆ, ಹಳೆಯ ವಿಧಾನದಲ್ಲಿ ಮೊದಲು ಏನು ಬರುತ್ತಿತ್ತು ಎಂದು ಪ್ರಯೋಗ ಮಾಡಿ ತೋರಿಸುವುದೇ ಕಷ್ಟ.

ಭಾರತ 2005ರಲ್ಲಿ ಔಷಧಗಳಿಗೂ ಉತ್ಪನ್ನ ಪೇಟೆಂಟ್, ಅಂದರೆ ತಯಾರಿಸುವ ವಿಧಾನಕ್ಕಷ್ಟೇ ಅಲ್ಲದೆ ಮದ್ದಿಗೇ ಪೇಟೆಂಟ್, ಕೊಡಲು ಒಪ್ಪಿದಾಗ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಡಿ)ಗೆ ಇಂದಿನ ರೂಪ ಕೊಟ್ಟಿತು. ತಿಳಿದ ವಸ್ತುವಿನ ಲವಣ, ಹರಳಿನ ಬೇರೆ ರೂಪ, ಬೇರೆ ಗಾತ್ರದ ಕಣ ಇತ್ಯಾದಿಗಳು ಅದೇ ವಸ್ತುವೆಂದೇ ಲೆಕ್ಕ; ಪರಿಣಾಮಕಾರಿತ್ವದಲ್ಲಿ ಗಣನೀಯ ವ್ಯತ್ಯಾಸ ತೋರಿಸಿದರೆ ಮಾತ್ರ ಬೇರೆ. ಈ ಸಾಲಿಗೆ ಎದುರಾದದ್ದು ರಕ್ತದ ಕ್ಯಾನ್ಸರಿನ ಮದ್ದು ಗ್ಲಿವೆಕ್. ಅದನ್ನು ತಯಾರಿಸುವ ನೊವಾರ್ಟಿಸ್ ಕಂಪನಿ ಕೇಳಿದ್ದು ಅದರೊಳಗಿನ ಮೂಲವಸ್ತುವಾದ ಇಮ್ಯಾಟಿನಿಬ್ ಮೆಸಿಲೇಟಿನ ಬೀಟಾ ಹರಳಿಗೆ ಪೇಟೆಂಟ್. 2006ರಲ್ಲಿ ಚೆನ್ನೈನ ಪೇಟೆಂಟ್ ಕಚೇರಿ ನಿರಾಕರಿಸಿತು. ಪ್ರಕರಣ ಏರುತ್ತಾ ಹೋಗಿ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಕಂಪನಿಯ ಮೇಲ್ಮನವಿಯನ್ನು ವಜಾ ಮಾಡಿತು. ಆಗ ಕಂಪನಿಯ ಮದ್ದಿಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ. ಭಾರತದ ತಯಾರಕರ ಮದ್ದಿಗೆ 8ರಿಂದ 10 ಸಾವಿರ ಎಂದು ಆಗಿನ ಪತ್ರಿಕೆಗಳೆಲ್ಲ ಬರೆದವು.

ಆ ತೀರ್ಪಿನಲ್ಲಿ ನನಗೆ ಹಿಡಿಸಿದ್ದು ಬೆಲೆಯ ಮಾತಿಗಿಂತ ವಿಜ್ಞಾನವನ್ನು ಕೈಗೆತ್ತಿಕೊಂಡ ಬಗೆ. ಬೀಟಾ ಹರಳಿನ ಪುಡಿ ಸಲೀಸಾಗಿ ಹರಿಯುತ್ತದೆ, ತೇವ ಕಡಿಮೆ ಹೀರುತ್ತದೆ, ಹೆಚ್ಚು ಸ್ಥಿರ ಎಂದು ಕಂಪನಿ ಹೇಳಿತ್ತು. ಇವು ತಯಾರಿಕೆಗೂ ದಾಸ್ತಾನಿಗೂ ಒಳ್ಳೆಯವು, ರೋಗಿಯ ಗುಣಕ್ಕೆ ಸಂಬಂಧಿಸಿದವಲ್ಲ ಎಂದಿತು ಕೋರ್ಟ್. ಮದ್ದಿನ ವಿಷಯದಲ್ಲಿ ಪರಿಣಾಮಕಾರಿತ್ವವೆಂದರೆ ಗುಣಪಡಿಸುವ ಶಕ್ತಿ. ರಕ್ತಕ್ಕೆ ಶೇಕಡಾ 30ರಷ್ಟು ಹೆಚ್ಚು ಸೇರುತ್ತದೆ ಎಂಬ ವಾದವೂ ಇತ್ತು. ಅದರಿಂದ ರೋಗ ಹೆಚ್ಚು ಗುಣವಾಗುತ್ತದೆ ಎಂದು ಪುರಾವೆ ತೋರಿಸಿ ಎಂದಿತು, ಪುರಾವೆ ಇರಲಿಲ್ಲ. ರಿಟೋನಾವಿರ್ ನೆನಪಿದ್ದವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಅಲ್ಲಿ ಹೊಸದಾಗಿ ಬಂದ, ಹೆಚ್ಚು ಸ್ಥಿರವಾದ ಹರಳೇ ರೋಗಿಗಳ ಮದ್ದನ್ನು ಕಸಿದದ್ದು.

ಇನ್ನೊಂದು ಕಾರಣಕ್ಕೂ ನಾನು ಈ ಸೆಕ್ಷನ್ನಿನ ಪರ. ಹೊಸ ಮದ್ದು ತರುವವರು ಅದರ ಹರಳಿನ ರೂಪಗಳನ್ನು ಹುಡುಕಿ ನೋಡಬೇಕು, ಗುಣ ಬದಲಾಗುವುದಾದರೆ ಮಿತಿ ಹಾಕಬೇಕು ಎಂದು, ದೇಶದೇಶಗಳ ಔಷಧ ನಿಯಮಗಳನ್ನು ಹೊಂದಿಸುವ ಅಂತರರಾಷ್ಟ್ರೀಯ ಸಂಸ್ಥೆಯಾದ ಐಸಿಎಚ್‌ನ 1999ರ ಮಾರ್ಗಸೂಚಿಯೇ ಹೇಳುತ್ತದೆ. ಹತ್ತಾರು ದ್ರಾವಕ, ಹತ್ತಾರು ತಾಪಮಾನಗಳಲ್ಲಿ ಹರಳು ಕಟ್ಟಿಸಿ, ಎಕ್ಸ್-ರೇ ಹಾಯಿಸಿ, ರಾಮನ್ ರೋಹಿತ ತೆಗೆದು ನೋಡುವುದು ಈಗ ದಿನನಿತ್ಯದ ಕೆಲಸ. ಸಿ.ವಿ. ರಾಮನ್ 1928ರಲ್ಲಿ ಕಂಡ ಬೆಳಕಿನ ಚದುರುವಿಕೆ ಇಂದು ಔಷಧ ಕಾರ್ಖಾನೆಯಲ್ಲಿ ಹರಳಿನ ಗುರುತಿನ ಚೀಟಿಯಾಗಿ ಬಳಕೆಯಾಗುತ್ತಿದೆ. ವಜ್ರಗಳನ್ನು ಕೂಡಿಟ್ಟು ವರ್ಷಗಟ್ಟಲೆ ಅಭ್ಯಾಸ ಮಾಡಿದ ಅವರಿಗೆ ಇದು ಸಂತೋಷ ಕೊಡುತ್ತಿತ್ತು ಎಂದುಕೊಳ್ಳುತ್ತೇನೆ. ಕರ್ತವ್ಯವೆಂದು ಮಾಡಲೇಬೇಕಾದ ಹುಡುಕಾಟದಲ್ಲಿ ಸಿಕ್ಕಿದ್ದನ್ನು ಆವಿಷ್ಕಾರವೆಂದು ಇಪ್ಪತ್ತು ವರ್ಷ ಬೇಲಿ ಹಾಕಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ.

ಎದುರುವಾದಕ್ಕೆ ಬಲವಿಲ್ಲವೆಂದಲ್ಲ. ಶೀತಕವಿಲ್ಲದ ಹಳ್ಳಿಯ ಆಸ್ಪತ್ರೆಯಲ್ಲಿ ಕೆಡದೆ ಉಳಿಯುವ ರೂಪ ರೋಗಿಗೆ ನೇರ ಉಪಕಾರವೇ. ಅದನ್ನು ದಾಸ್ತಾನಿನ ಗುಣವೆಂದು ತಳ್ಳಿಹಾಕಿದರೆ ಕಾಯ್ದೆ ತುಸು ಕುರುಡಾಗುತ್ತದೆ. ಬೇಕಾದ ರೂಪವನ್ನೇ ಪ್ರತಿಸಲ ತಪ್ಪದೆ ಪಡೆಯುವ ವಿಧಾನ ಕಂಡುಹಿಡಿಯುವುದು ನಿಜವಾದ ಜಾಣ್ಮೆ. ಆ ವಿಧಾನಕ್ಕೆ ಪೇಟೆಂಟ್ ಕೇಳುವ ದಾರಿಯನ್ನು 3(ಡಿ) ಪೂರ್ತಿ ಮುಚ್ಚಿಲ್ಲ. ಮುಚ್ಚಿರುವುದು ಹರಳನ್ನೇ ಸ್ವಂತದ್ದೆಂದು ಹೇಳುವ ದಾರಿಯನ್ನು.

ಮುಂದೆ ಈ ಪ್ರಶ್ನೆ ಇನ್ನೂ ಬಿಗಿಯಾಗಲಿದೆ. ಅಣುವಿನ ಚಿತ್ರ ಕೊಟ್ಟರೆ ಅದು ಯಾವ ಯಾವ ಜೋಡಣೆಗಳಲ್ಲಿ ಕೂರಬಹುದು ಎಂದು ಕಂಪ್ಯೂಟರ್ ಲೆಕ್ಕ ಹಾಕಿ ಪಟ್ಟಿ ಕೊಡುತ್ತದೆ. ಕೇಂಬ್ರಿಜ್‌ನ ಹರಳು ದತ್ತಾಂಶ ಕೇಂದ್ರ 1999ರಿಂದ ಇದಕ್ಕೆ ಸ್ಪರ್ಧೆಯ ಮಾದರಿಯ ಪರೀಕ್ಷೆಗಳನ್ನೇ ನಡೆಸುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗೌತಮ್ ದೇಸಿರಾಜು ಅವರಂಥವರು ಅಣುಗಳ ನಡುವಿನ ದುರ್ಬಲ ಸೆಳೆತಗಳನ್ನು ಓದಿ ಹರಳನ್ನು ಯೋಜಿಸಿ ಕಟ್ಟುವ ವಿದ್ಯೆಯನ್ನೇ ಬೆಳೆಸಿದ್ದಾರೆ. ಹೊಸ ರೂಪ ಮೊದಲೇ ಪಟ್ಟಿಯಲ್ಲಿದ್ದರೆ ಅದು ಅನಿರೀಕ್ಷಿತವೆಂದು ಪೇಟೆಂಟ್ ಕೇಳುವುದು ಹೇಗೆ? ಹಾಗೆಂದು ಪಟ್ಟಿ ಸಿಕ್ಕಿತು, ಎಲ್ಲ ತಿಳಿಯಿತು ಎನ್ನುವಂತಿಲ್ಲ. ಲೆಕ್ಕದಲ್ಲಿ ಬಂದ ಎಷ್ಟೋ ಜೋಡಣೆಗಳು ಪಾತ್ರೆಯಲ್ಲಿ ಬರುವುದೇ ಇಲ್ಲ. ಯಾರೂ ನಿರೀಕ್ಷಿಸದ್ದು ಬಂದುಬಿಡುತ್ತದೆ. ಕಾಲು ಶತಮಾನ ಎಲ್ಲರೂ ತಿರುವಿ ಮುರುವಿ ನೋಡಿದ ರಿಟೋನಾವಿರನ್ನು ಸಂಶೋಧಕರು ಇತ್ತೀಚೆಗೆ ದ್ರಾವಕವಿಲ್ಲದೆ ಸುಮ್ಮನೆ ಕರಗಿಸಿ, ಆ ಪಾಕದಿಂದಲೇ ಹರಳು ಕಟ್ಟಲು ಬಿಟ್ಟರು. ಬಂದದ್ದು ಅಲ್ಲಿಯವರೆಗೆ ಯಾರೂ ಕಂಡಿರದ ಮೂರನೆಯ ರೂಪ.